ಕೋರಿಡೋರಾಸ್ ಬಂದ ದಿನ

ನಮ್ಮ ತೊಟ್ಟಿಗೆ ಇಂದು ಆರು ಬ್ರಾಂಜ್ ಕೋರಿಡೋರಾಸ್ ಮೀನುಗಳು ಬಂದಿವೆ. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕಾಗುವುದರಿಂದ, ಅಲ್ಲಿಯವರೆಗೆ ಕಾದೆವು. ಕೊಳವೆಬಾವಿಯ ಗಡಸು ನೀರಿಗೆ ಗಪ್ಪಿ, ಪ್ಲಾಟಿ ಮೀನುಗಳು ಚೆನ್ನಾಗಿ ಒಗ್ಗುತ್ತವೆ. ಮೆದು ನೀರು ಬಯಸುವ ನಿಯಾನ್ ಟೆಟ್ರಾಗಳನ್ನು, ಎಷ್ಟೇ ಚೆಂದವಿದ್ದರೂ, ತರಲಿಲ್ಲ.

ಕೋರಿಡೋರಾಸ್‌ಗಳು ಮೀಸೆಯನ್ನು ಮರಳಿಗೆ ತಾಗಿಸುತ್ತ ಒಟ್ಟಾಗಿ ಮೇಯುತ್ತವೆ. ಆಗಾಗ ಒಂದು ಸರ್ರನೆ ಮೇಲೇರಿ, ಗಾಳಿ ನುಂಗಿ ಕೆಳಗಿಳಿಯುತ್ತದೆ, ಏಕೆಂದರೆ ಅವು ಕರುಳಿನ ಮೂಲಕವೂ ಆಮ್ಲಜನಕ ಹೀರಬಲ್ಲವು. ತೊಟ್ಟಿಯ ಕಸ ತಿನ್ನಲೆಂದು ಇವನ್ನು ಒಂಟಿಯಾಗಿ ತರುವ ರೂಢಿ ನನಗೆ ನಿಜಕ್ಕೂ ನೋವು ತರುತ್ತದೆ. ಗುಂಪಿನಲ್ಲೇ ಬದುಕುವ ಈ ಜೀವಿಗಳಿಗೆ ಸಂಗಾತಿಗಳೂ, ತಳಕ್ಕೆ ಮುಳುಗುವ ಆಹಾರವೂ ಬೇಕೇ ಬೇಕು.