ಫ್ಲೀಟ್ ವಾಕರ್‌ನ ಜಾಡು ಹಿಡಿದು ಒಹಾಯೊದಲ್ಲಿ

ಡೆಟ್ರಾಯಿಟ್‌ನಿಂದ ದಕ್ಷಿಣಕ್ಕೆ ಒಂದು ಗಂಟೆ ಕಾರು ಓಡಿಸಿದರೆ ಒಹಾಯೊ ರಾಜ್ಯದ ಟೊಲೀಡೊ ಸಿಗುತ್ತದೆ. ಹಳೆಯ ಗೋದಾಮುಗಳ ನಡುವೆ ಮಡ್ ಹೆನ್ಸ್ ತಂಡದ ಬೇಸ್‌ಬಾಲ್ ಮೈದಾನ. ನಾನು ಹೋದದ್ದು ಮಾತ್ರ 1884ರಲ್ಲಿ ಇದೇ ಊರಿನ ಬ್ಲೂ ಸ್ಟಾಕಿಂಗ್ಸ್ ತಂಡಕ್ಕೆ ಆಡಿದ ಮೋಸೆಸ್ ಫ್ಲೀಟ್‌ವುಡ್ ವಾಕರ್‌ಗಾಗಿ. ಅಮೆರಿಕದ ಬೇಸ್‌ಬಾಲ್‌ನ ಅತಿ ಎತ್ತರದ ಹಂತವಾದ ಮೇಜರ್ ಲೀಗ್‌ನ ಮೊದಲ ಕಪ್ಪು ಆಟಗಾರ ಯಾರೆಂದರೆ ಬಹಳ ಜನ 1947ರ ಜಾಕಿ ರಾಬಿನ್ಸನ್ ಹೆಸರು ಹೇಳುತ್ತಾರೆ. ಅದಕ್ಕೂ 63 ವರ್ಷ ಮೊದಲೇ ವಾಕರ್ 42 ಪಂದ್ಯ ಆಡಿದ್ದ.

ಅವನು ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಆಟದ ಸಾಮಾನಿನ ಅಂಗಡಿಯೊಂದರಲ್ಲಿ ಈಗಿನ ಕ್ಯಾಚರ್ ಗ್ಲೌಸ್ ತೊಟ್ಟು ನೋಡಿದೆ. ಅಂಗೈ ಪೂರ್ತಿ ದಪ್ಪ ಮೆತ್ತೆ, ಬೆರಳುಗಳ ಗುರುತೇ ಸಿಗುವುದಿಲ್ಲ. ವಾಕರ್ ಕಾಲದಲ್ಲಿ ಬರಿಗೈ, ಹೆಚ್ಚೆಂದರೆ ತೆಳ್ಳನೆಯ ತೊಗಲು. ಅದರ ಮೇಲೆ ಅದೇ ತಂಡದ ಟೋನಿ ಮಲೇನ್ ಎಂಬ ಪಿಚರ್, ಅಂದರೆ ಬೌಲರ್ ಬೇರೆ! ತಾನು ಕಂಡ ಅತ್ಯುತ್ತಮ ಕ್ಯಾಚರ್ ವಾಕರ್, ಆದರೂ ಕರಿಯನೆಂಬ ಕಾರಣಕ್ಕೆ ಯಾವ ಚೆಂಡು ಎಸೆಯಬೇಕೆಂದು ಅವನು ಮಾಡುವ ಸನ್ನೆ ನೋಡದೆ ಮನಸ್ಸಿಗೆ ಬಂದಂತೆ ಚೆಂಡು ಎಸೆಯುತ್ತಿದ್ದೆ ಎಂದು ಎಷ್ಟೋ ವರ್ಷಗಳ ಮೇಲೆ ಅವನೇ ಹೇಳಿಕೊಂಡ. ಯಾವ ಚೆಂಡು ಎಲ್ಲಿಗೆ ಬರುತ್ತದೆಂದು ಗೊತ್ತಿಲ್ಲದೆ ಬರಿಗೈಯಲ್ಲಿ ಹಿಡಿಯುವುದನ್ನು ನೆನೆದರೆ ನನ್ನ ಬೆರಳು ಜುಮ್ಮೆನ್ನುತ್ತವೆ.

1883ರ ಆಗಸ್ಟ್‌ನಲ್ಲಿ ಶಿಕಾಗೊ ತಂಡ ಟೊಲೀಡೊಗೆ ಬಂದಿತ್ತು. ಕಪ್ಪು ಆಟಗಾರನಿದ್ದರೆ ಆಡುವುದಿಲ್ಲವೆಂದು ನಾಯಕ ಕ್ಯಾಪ್ ಆ್ಯನ್ಸನ್ ಹಟ ಹಿಡಿದ. ಕೈನೋವಿನಿಂದ ವಾಕರ್‌ಗೆ ಅಂದು ವಿಶ್ರಾಂತಿ ಕೊಡಬೇಕಿತ್ತು. ಟೊಲೀಡೊದ ಮ್ಯಾನೇಜರ್ ಚಾರ್ಲಿ ಮಾರ್ಟನ್ ಬೇಕೆಂದೇ ಅವನನ್ನು ಮೈದಾನಕ್ಕಿಳಿಸಿ, ಆಡದಿದ್ದರೆ ಟಿಕೆಟ್ ಹಣದಲ್ಲಿ ಪಾಲಿಲ್ಲ ಎಂದ. ಆ್ಯನ್ಸನ್ ಬಾಯಿ ಮುಚ್ಚಿಕೊಂಡು ಆಡಿದ. ಈ ಕಥೆ ನನಗೆ ಬಹಳ ಇಷ್ಟ.

ಅಲ್ಲಿಂದ ಪೂರ್ವಕ್ಕೆ ಜೋಳ, ಸೋಯಾ ಹೊಲಗಳ ನಡುವೆ ಓಬರ್ಲಿನ್. 1835ರಲ್ಲೇ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದ ಕಾಲೇಜು. 1881ರಲ್ಲಿ ಅದರ ತಂಡದಲ್ಲಿ ಆಡಿದ ವಾಕರ್ ಆಮೇಲೆ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಹೋದ. ಮರಗಳ ಕೆಳಗೆ ಹುಡುಗರು ಹರಟುತ್ತಿದ್ದರು.

ದಾರಿಯುದ್ದಕ್ಕೂ ನನ್ನನ್ನು ಕಾಡಿದ್ದು 1887ರ ಜುಲೈ 14. ವಾಕರ್ ಆಗ ನ್ಯೂಆರ್ಕ್ ತಂಡದಲ್ಲಿದ್ದ. ಬೌಲರ್ ಜಾರ್ಜ್ ಸ್ಟೋವಿಯೂ ಕಪ್ಪು ಆಟಗಾರ. ಶಿಕಾಗೊ ವಿರುದ್ಧದ ಅಂದಿನ ಪಂದ್ಯದಲ್ಲಿ ಇಬ್ಬರೂ ಹೊರಗುಳಿದರು. ಈ ಸಲ ಆ್ಯನ್ಸನ್ ಹಟವೇ ಗೆದ್ದಿತ್ತು. ಅದೇ ದಿನ, ನ್ಯೂಆರ್ಕ್ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ತಂಡಗಳ ಮಾಲೀಕರು ಸಭೆ ಸೇರಿ, ಇನ್ನು ಮುಂದೆ ಹೊಸ ಕಪ್ಪು ಆಟಗಾರರಿಗೆ ಒಪ್ಪಂದ ಬೇಡವೆಂದು ಮತ ಹಾಕಿದರು. ಒಳಗೆ ಬರಬೇಕಿದ್ದವರಿಗೆ ಮತ ಹಾಕಿ ಬಾಗಿಲು ಮುಚ್ಚಿದ್ದು ಇದು. 1889ರಲ್ಲಿ ಸಿರಕ್ಯೂಸ್ ತಂಡದೊಂದಿಗೆ ವಾಕರ್‌ನ ಆಟವೂ ಮುಗಿಯಿತು. 1908ರಲ್ಲಿ ಪುಸ್ತಕ ಬರೆದು, ಕಪ್ಪು ಜನ ಆಫ್ರಿಕಕ್ಕೆ ಮರಳುವುದೇ ಲೇಸೆಂದ. ಓಬರ್ಲಿನ್‌ನಲ್ಲಿ ಓದಿದವನು ಅಲ್ಲಿಗೆ ಬಂದು ನಿಲ್ಲಬೇಕಾಯಿತಲ್ಲ ಎಂದು ಸಂಕಟವಾಗುತ್ತದೆ.

ಒಹಾಯೊ ನದಿಯ ದಂಡೆಯ ಸ್ಟೂಬೆನ್‌ವಿಲ್ ಅವನು ಬೆಳೆದ ಊರು. 1924ರಲ್ಲಿ ತೀರಿಕೊಂಡವನನ್ನು ಅಲ್ಲಿನ ಯೂನಿಯನ್ ಸ್ಮಶಾನದಲ್ಲಿ ಹೂಳಿದರು. ಆರು ದಶಕಕ್ಕೂ ಹೆಚ್ಚು ಕಾಲ ಗುರುತಿನ ಕಲ್ಲೂ ಇರಲಿಲ್ಲ. ಕೊನೆಗೆ ಓಬರ್ಲಿನ್‌ನವರೇ ಹಾಕಿಸಿದರು. ಕಲ್ಲಿನ ಮುಂದೆ ನಿಂತಾಗ ನೆನಪಾದವನು, ಅದೇ 1884ರಲ್ಲಿ ಟೊಲೀಡೊಗೆ ಆಡಿದ ತಮ್ಮ ವೆಲ್ಡಿ. 1888ರಲ್ಲಿ ಅವನು ಟ್ರೈ-ಸ್ಟೇಟ್ ಲೀಗ್ ಎಂಬ ಇನ್ನೊಂದು ಬೇಸ್‌ಬಾಲ್ ಕೂಟದ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದ: ಹೊರಗಿಡುವುದಾದರೆ ನಡತೆಯನ್ನೋ ಬುದ್ಧಿಯನ್ನೋ ನೋಡಿ ಇಡಿ, ಬಣ್ಣ ನೋಡಿ ಯಾಕೆ?