ನಂಜಮ್ಮನ ಲೆಕ್ಕದ ಪುಸ್ತಕ

ಹಾಸನದಲ್ಲಿ ಸಂಜೆಯಿಂದ ಒಂದೇ ಸಮ ಮಳೆ. ‘ಗೃಹಭಂಗ’ದ ಮೇಲಿನ ನನ್ನ ಸಂಶೋಧನಾ ಪ್ರಬಂಧವನ್ನು ಮೂರನೇ ಸಲ ತಿದ್ದುತ್ತಾ ಕೂತಿದ್ದೇನೆ. ಭೈರಪ್ಪನವರ ಈ ಕಾದಂಬರಿ ಬಂದದ್ದು 1970ರಲ್ಲಿ. ಕಥೆ ನಡೆಯುವುದು ಇಲ್ಲೇ, ಚನ್ನರಾಯಪಟ್ಟಣ, ತಿಪಟೂರು ಸೀಮೆಯಲ್ಲಿ.

ಕಾದಂಬರಿಯ ನಾಯಕಿ ನಂಜಮ್ಮ ಅಂದರೆ ಸಹನೆ ಅಂತಲೇ ನಾನೂ ಶುರು ಮಾಡಿದ್ದೆ. ಈ ಸಲ ಕಣ್ಣು ನಿಂತದ್ದು ಅವಳ ಲೆಕ್ಕದ ಪುಸ್ತಕದ ಮೇಲೆ. ಶ್ಯಾನುಭೋಗಿಕೆ, ಅಂದರೆ ಊರಿನ ಕಂದಾಯದ ಲೆಕ್ಕ ಬರೆಯುವ ಕೆಲಸ, ಗಂಡ ಚೆನ್ನಿಗರಾಯನದು. ಕೂತು ಲೆಕ್ಕ ಬರೆದವಳು ಅವಳು. ಅದು ಬರೀ ಸಹನೆಯಲ್ಲ, ದುಡಿಮೆ ಅಲ್ವಾ? ಇಡೀ ಪ್ರಬಂಧವನ್ನೇ ಆ ಕಡೆಗೆ ತಿರುಗಿಸಿದ್ದೇನೆ.

ಪ್ಲೇಗಿನ ಪುಟಗಳು ಬಂದಾಗ ಮಾತ್ರ ಪೆನ್ಸಿಲ್ ಕೆಳಗಿಡುತ್ತೇನೆ. ಪ್ಲೇಗಿಗೆ ಹೆದರಿ ಊರಾಚೆ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. ಅಲ್ಲಿ ಅಡಿಟಿಪ್ಪಣಿ ಬರೆಯಲು ಕೈ ಬರುವುದಿಲ್ಲ.