ಮೂಡಿಗೆರೆಯ ನೆರಳಲ್ಲಿ ಮೆಕ್ಸಿಕೋದ ಬಳ್ಳಿ

ವೆನಿಲ್ಲಾ ಹೂ ನೋಡಬೇಕೆಂದರೆ ಬೆಳಿಗ್ಗೆಯೇ ತೋಟದಲ್ಲಿರಬೇಕು. ಮಧ್ಯಾಹ್ನದ ಹೊತ್ತಿಗೆ ಅದು ಬಾಡುತ್ತದೆ. ಅದಕ್ಕೇ ಹಾಸನದಿಂದ ಕತ್ತಲಲ್ಲೇ ಹೊರಟೆವು. ಬೇಲೂರಿನಲ್ಲಿ ಒಂದು ಟೀ, ಚೆನ್ನಕೇಶವನಿಗೆ ದೂರದಿಂದಲೇ ನಮಸ್ಕಾರ. ಮೂಡಿಗೆರೆ ಹತ್ತಿರವಾದಂತೆ ಕಾರಿನ ಗಾಜು ಇಳಿಸಿದೆವು. ಕಾಫಿ ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದಿತ್ತು, ಗಿಡಗಳೆಲ್ಲ ಹೂ ಬಿಟ್ಟು ಬೆಳ್ಳಗಾಗಿದ್ದವು. ಆ ಘಮದ ಬಗ್ಗೆ ಶುರು ಮಾಡಿದರೆ ವೆನಿಲ್ಲಾ ಕಥೆ ಮುಗಿಯಲ್ಲ, ಬಿಡಿ.

ತೋಟದ ಯಜಮಾನರು ಗಂಬೂಟು ಹಾಕಿಕೊಂಡು ಕಾಯುತ್ತಿದ್ದರು. ಹಾಲವಾಣದ ಮರಗಳಿಗೆ ಬಳ್ಳಿ ಹಬ್ಬಿಸಿದ್ದಾರೆ. ಬೆರಳು ದಪ್ಪದ ಹಸಿರು ಕಾಂಡ, ರಸ ತುಂಬಿದ ದಪ್ಪ ಎಲೆ. ಪ್ರತಿ ಗೆಣ್ಣಿನಲ್ಲಿ ಎಲೆಯ ಎದುರಿಗೆ ಒಂದು ಬೇರು ಹೊರಟು ತೊಗಟೆಗೆ ಅಂಟಿಕೊಂಡಿರುತ್ತದೆ. ಬದನಿಕೆಯ ಹಾಗೆ ಮರದ ರಸ ಹೀರಲ್ಲ, ಸುಮ್ನೆ ಹಿಡಿದುಕೊಳ್ಳುತ್ತದೆ ಅಷ್ಟೆ. ಮೆಕ್ಸಿಕೋ, ಮಧ್ಯ ಅಮೆರಿಕದ ಬಿಸಿ, ತೇವದ ಕಾಡುಗಳಲ್ಲಿ ಇದು ಮರದ ತುದಿಯವರೆಗೂ ಏರುತ್ತದೆ. ಇಲ್ಲಿ ಹಾಗೆ ಬಿಟ್ಟರೆ ಹೂ ಕೈಗೆ ಸಿಗಲ್ಲ. ಕೈಗೆಟಕುವ ಎತ್ತರದಲ್ಲಿ ಕವಲಿಗೆ ಹಾಕಿ ಕೆಳಕ್ಕೆ ಬಾಗಿಸುತ್ತಾರೆ. ಬಾಗಿಸಿದರೆ ಹೂವೂ ಜಾಸ್ತಿ.

ನೆರಳು, ತರಗೆಲೆ, ತೇವ, ಆಸರೆಯ ಮರ ಎಲ್ಲ ಮಲೆನಾಡಿನಲ್ಲಿ ಇದೆ. ಇಲ್ಲದ್ದು ಒಂದೇ, ಹೂವಿಗೆ ಪರಾಗಸ್ಪರ್ಶ ಮಾಡುವ ಅದರ ಊರಿನ ಜೇನು. ಆ ಕೆಲಸವನ್ನು ಇಲ್ಲಿ ಕೆಲಸದ ಹೆಂಗಸರು ಮಾಡುತ್ತಾರೆ.

ಒಬ್ಬರ ಪಕ್ಕದಲ್ಲೇ ನಿಂತು ನೋಡಿದೆ. ಹಸಿರು ಮಿಶ್ರಿತ ಹಳದಿ ಹೂವನ್ನು ಎಡಗೈಯಲ್ಲಿ ಹಿಡಿದರು. ಚೂಪು ಮಾಡಿದ ಕಡ್ಡಿಯಿಂದ ಕೊಳವೆಯಂಥ ಎಸಳನ್ನು ಸೀಳಿದರು. ಒಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ. ಅದನ್ನು ಕಡ್ಡಿಯಲ್ಲಿ ಮೇಲೆತ್ತಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು. ಮುಗೀತು. ನಾನು ಕ್ಯಾಮೆರಾ ಸರಿ ಮಾಡಿಕೊಳ್ಳುವಷ್ಟರಲ್ಲಿ ಅವರು ಮುಂದಿನ ಬಳ್ಳಿಯಲ್ಲಿದ್ದರು! ಗೊಂಚಲಿನಲ್ಲಿ ದಿನಕ್ಕೆ ಅರಳುವುದು ಒಂದೆರಡು ಹೂ. ಹಾಗಾಗಿ ಸೀಸನ್ನಿನಲ್ಲಿ ಒಂದು ಬೆಳಿಗ್ಗೆಯೂ ರಜೆ ಇಲ್ಲ.

ಈ ಉಪಾಯವನ್ನು 1841ರಲ್ಲಿ ತೋರಿಸಿಕೊಟ್ಟವನು ಎಡ್ಮಂಡ್ ಆಲ್ಬಿಯಸ್. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಗುಲಾಮ ಹುಡುಗ, ಆಗ ಹನ್ನೆರಡು ವರ್ಷ. ಅದಕ್ಕೂ ಮೊದಲು ಅಲ್ಲಿ ಬಳ್ಳಿ ಬೆಳೆಯುತ್ತಿತ್ತು, ಕಾಯಿ ಕಚ್ಚುತ್ತಿರಲಿಲ್ಲ. ಜಗತ್ತಿನ ವೆನಿಲ್ಲಾ ವ್ಯಾಪಾರ ಇವತ್ತಿಗೂ ಆ ಹುಡುಗನ ಕೈಚಳಕದ ಮೇಲೇ ನಿಂತಿದೆ. ಅವನು ಮಾತ್ರ ಬಡವನಾಗಿಯೇ ಸತ್ತ.

ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ವೆನಿಲ್ಲಾ ರೇಟು ಏರಿದಾಗ ಇಲ್ಲಿ ರಾತ್ರಿಯೆಲ್ಲ ತೋಟ ಕಾದಿದ್ದರಂತೆ. ಆಮೇಲೆ ರೇಟು ಬಿದ್ದು ಎಷ್ಟೋ ಜನ ಬಳ್ಳಿ ಕಿತ್ತೆಸೆದರು. ಇವರು ಮೆಣಸಿನ ಜೊತೆ ಒಂದಿಷ್ಟು ಉಳಿಸಿಕೊಂಡಿದ್ದಾರೆ.

ಹಸಿ ಕಾಯಿ ಮೂಸಿದರೆ ಪರಿಮಳವೇ ಇಲ್ಲ. ಬಲಿಯಲು ಎಂಟೊಂಬತ್ತು ತಿಂಗಳು, ಆಮೇಲೆ ಬಿಸಿನೀರಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ, ಬಿಸಿಲಿಗಿಟ್ಟು, ತಿಂಗಳುಗಟ್ಟಲೆ ಹದ ಮಾಡಬೇಕು. ಹೊರಡುವಾಗ ಯಜಮಾನರು ಡಬ್ಬಿಯಿಂದ ಎರಡು ಕಪ್ಪು ಕೋಡು ತೆಗೆದು ಕೊಟ್ಟರು. "ಪಾಯಸಕ್ಕೆ ಹಾಕಿ, ಹಾಲಿಗೆ ಹಾಕಿ. ನಮ್ಮ ಕಾಫಿಗೆ ಮಾತ್ರ ಹಾಕಬೇಡಿ ಮಾರಾಯ್ರೆ!"